ಶೇಂಗಾ ಬೆಳೆಯ ಬುಡಕೊಳೆ ರೋಗ ಮತ್ತು ತಳಿಗಳ ನಿರೋಧಕ ಶಕ್ತಿ

ನಾಸಿಕ್ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಮುಂಗಾರಿನ ಶೇಂಗಾ ಬೆಳೆಯು ಆಗಸ್ಟ್ ತಿಂಗಳ ಕೊನೆಯ ವೇಳೆಗೆ ಸಾಲುಗಳನ್ನು ಮುಚ್ಚಿ ಹಬ್ಬಿಕೊಂಡಿರುತ್ತದೆ. ಹೂವು ಉದುರಿದ ಮೇಲೆ ಸೂಜಿಯಂತಹ ತೊಟ್ಟುಗಳು ನೆಲಕ್ಕಿಳಿದು ಕಾಯಿ ಕಟ್ಟುವ ಕಾಲವದು. ಮಳೆ ಬಿದ್ದು ಬಿಸಿಲು ಕಾದ ಒಂದು ವಾರದಲ್ಲಿ, ಹಸಿರಾಗಿ ನಿಂತ ಬೆಳೆಯ ನಡುವೆ ಅಲ್ಲೊಂದು ಇಲ್ಲೊಂದು ಗಿಡದ ಒಂದೇ ರೆಂಬೆ ಹಳದಿಯಾಗಿ ಜೋತು ಬೀಳುವುದು ಕಾಣುತ್ತದೆ. ಎಲೆಗಳನ್ನು ಸರಿಸಿ ನೋಡಿದರೆ ಕಾಂಡವು ಮಣ್ಣನ್ನು ಸೇರುವ ಜಾಗದಲ್ಲಿ ಹತ್ತಿಯ ಎಳೆಯಂತಹ ಬಿಳಿ ಬೂಷ್ಟು ಬೆಳೆದಿರುತ್ತದೆ. ಕೆಲವು ದಿನ ಕಳೆದರೆ ಆ ಬೂಷ್ಟಿನ ಮೇಲೆ ಸಾಸಿವೆ ಕಾಳಿನ ಗಾತ್ರದ ಗುಂಡುಗಳು ಮೂಡುತ್ತವೆ. ಅವು ಮೊದಲು ಬಿಳಿಯಾಗಿದ್ದು ಅನಂತರ ಕಂದುಬಣ್ಣಕ್ಕೆ ತಿರುಗುತ್ತವೆ. ಗಿಡವನ್ನು ಕಿತ್ತರೆ ಕಾಂಡವು ಕೈಗೆ ಬರುತ್ತದೆ, ಕಾಯಿಗಳು ಮಣ್ಣಿನಲ್ಲಿಯೇ ಉಳಿಯುತ್ತವೆ.

ಇದೇ ಬುಡಕೊಳೆ ರೋಗ. ಮರಾಠಿಯಲ್ಲಿ ಇದನ್ನು ‘ಖೋಡಕುಜ್’ ಎನ್ನುತ್ತಾರೆ. ಖೋಡ ಎಂದರೆ ಕಾಂಡ, ಕುಜ್ ಎಂದರೆ ಕೊಳೆತ. ಚಿತ್ರದುರ್ಗ, ಪಾವಗಡ, ಚಳ್ಳಕೆರೆಗಳ ಕೆಂಪು ಭೂಮಿಯಲ್ಲಿಯೂ ಗದಗ, ಧಾರವಾಡಗಳ ಕಪ್ಪು ಭೂಮಿಯಲ್ಲಿಯೂ ಶೇಂಗಾ ಬೆಳೆಯುವ ಕನ್ನಡ ನಾಡಿನ ರೈತರಿಗೆ ಈ ನೋಟ ಹೊಸದಲ್ಲ. ರೋಗವು ಕಾಣಿಸಿಕೊಳ್ಳುವ ಸಮಯವೇ ಇದರ ಕ್ರೂರತೆ. ಬೀಜ, ಗೊಬ್ಬರ, ಎರಡು ಸಲದ ಕಳೆ ತೆಗೆಯುವ ಕೂಲಿ, ಎಲ್ಲ ಖರ್ಚೂ ಮುಗಿದು ಫಲ ಕೈಗೆ ಬರುವ ಹೊತ್ತಿನಲ್ಲಿ ಗಿಡವು ಸಾಯುತ್ತದೆ.

ರೋಗಕಾರಕ ಶಿಲೀಂಧ್ರ

ಬುಡಕೊಳೆಗೆ ಕಾರಣವಾದ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಮ್ ರಾಲ್ಫ್ಸಿ. ಅಮೆರಿಕದ ಫ್ಲೋರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಎಂಬ ವಿಜ್ಞಾನಿ 1892ರಲ್ಲಿ ಟೊಮ್ಯಾಟೊ ಗಿಡಗಳ ಮೇಲೆ ಇದನ್ನು ಮೊದಲು ಗುರುತಿಸಿದರು. 1911ರಲ್ಲಿ ಇಟಲಿಯ ಸಕ್ಕಾರ್ಡೊ ಅವರ ಹೆಸರನ್ನೇ ಇದಕ್ಕೆ ಇಟ್ಟರು. ಐದು ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಇದು ಬದುಕಬಲ್ಲದು. ಬೇಸಾಯಗಾರನ ಕಷ್ಟದ ಅರ್ಧ ಭಾಗ ಈ ಒಂದು ಸಂಗತಿಯಲ್ಲಿದೆ. ನಾಸಿಕ್ ಪ್ರದೇಶದ ಹೊಲದಲ್ಲಿ ಶೇಂಗಾ ಬರುವ ಮೊದಲು ಟೊಮ್ಯಾಟೊ ಇದ್ದೀತು, ಅನಂತರ ಈರುಳ್ಳಿ ಬಂದೀತು. ಈ ಮೂರನ್ನೂ ಶಿಲೀಂಧ್ರವು ತಿನ್ನುತ್ತದೆ. ಬೆಳೆ ಬದಲಾಯಿಸಿದೆನೆಂದು ರೈತನು ತಿಳಿದರೂ ಶಿಲೀಂಧ್ರದ ಪಾಲಿಗೆ ಬದಲಾದುದು ಏನೂ ಇರುವುದಿಲ್ಲ.

ಸಾಸಿವೆಯಂತಹ ಗುಂಡುಗಳು ಈ ಶಿಲೀಂಧ್ರದ ಬೀಜಗಳಲ್ಲ. ಒತ್ತಾಗಿ ಹೆಣೆದು ಗಟ್ಟಿಯಾದ ಶಿಲೀಂಧ್ರದ ಎಳೆಗಳೇ ಅವು. ಗಟ್ಟಿ ಹೊರಪದರದಿಂದಾಗಿ ಇವು ಮಣ್ಣಿನಲ್ಲಿ ಹಲವು ವರ್ಷ ಜೀವಂತವಾಗಿರಬಲ್ಲವು. ನೆಲದ ಮೇಲ್ಪದರದಲ್ಲಿ, ಗಾಳಿಯಾಡುವ ಕಡೆ, 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಮೊಳೆಯುತ್ತವೆ. ಆಳಕ್ಕೆ ಹೋದವು ಸಾಮಾನ್ಯವಾಗಿ ಸುಮ್ಮನಿರುತ್ತವೆ. ಒಣಗಿದ ಮಣ್ಣು ಮತ್ತೆ ತೇವವಾದಾಗ ಮೊಳೆಯುವಿಕೆ ಹೆಚ್ಚು. ಅರೆಕೊಳೆತ ಎಲೆ, ಕಸಕಡ್ಡಿಗಳಿಂದ ಹೊರಡುವ ಆವಿಗಳೂ ಇವನ್ನು ಎಬ್ಬಿಸುತ್ತವೆ. ಆದುದರಿಂದ ಗಿಡದ ಬುಡದಲ್ಲಿ ಬಿದ್ದ ಎಲೆಯೇ ಶಿಲೀಂಧ್ರಕ್ಕೆ ಮೊದಲ ಊಟವಾಗಿ, ಆ ಬಲದಿಂದ ಅದು ಕಾಂಡದ ಮೇಲೆ ಏರುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಬಿತ್ತಿದ ಕೆಲವೇ ವಾರಗಳಲ್ಲಿ ಸಸಿಯ ಕತ್ತಿನ ಭಾಗ ಕಪ್ಪಾಗಿ, ಮಸಿಯಂತಹ ಪುಡಿಯಿಂದ ಮುಚ್ಚಿಹೋದರೆ ಅದು ಆಸ್ಪರ್ಜಿಲಸ್ ನೈಜರ್ ಎಂಬ ಬೇರೊಂದು ಶಿಲೀಂಧ್ರದಿಂದ ಬರುವ ಕತ್ತು ಕೊಳೆ ರೋಗ. ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಮತ್ತು ಮರಾಠವಾಡದ ಇತರ ಜಿಲ್ಲೆಗಳ ಸೋಯಾ ಅವರೆ ಹೊಲಗಳಲ್ಲಿ ಕಾಯಿ ತುಂಬುವಾಗ ಮಳೆ ಕೈಕೊಟ್ಟರೆ ಗಿಡಗಳು ಒಣಗುವುದುಂಟು. ಆ ಗಿಡದ ಬುಡವನ್ನು ಸೀಳಿದಾಗ ಇದ್ದಿಲ ಪುಡಿ ಉದುರಿಸಿದಂತೆ ಕಂಡರೆ ಅದು ಮ್ಯಾಕ್ರೊಫೋಮಿನ ಶಿಲೀಂಧ್ರದ ಇದ್ದಿಲು ಕೊಳೆ. ಬುಡಕೊಳೆಗೆ ತೇವ ಬೇಕು, ಇದ್ದಿಲು ಕೊಳೆಗೆ ಬರ ಬೇಕು. ಸೋಯಾ ಅವರೆಗೆ ಸ್ಕ್ಲೆರೋಷಿಯಮ್ ಕೂಡ ತಗಲುವುದರಿಂದ ಒಂದೇ ಹೊಲದಲ್ಲಿ ಒಂದು ವರ್ಷ ಇದು, ಇನ್ನೊಂದು ವರ್ಷ ಅದು ಕಾಣಬಹುದು. ಒಂದನ್ನು ತಡೆಯುವ ತಳಿಯು ಇನ್ನೊಂದನ್ನು ತಡೆಯುವುದೆಂದು ಭಾವಿಸಲಾಗದು.

ಸಾಯುವ ಕೋಶವೇ ಶತ್ರುವಿಗೆ ಆಹಾರ

ಸಸ್ಯಗಳಿಗೆ ಓಡಿಹೋಗುವ ಉಪಾಯವಿಲ್ಲ, ನಿಂತಲ್ಲಿಯೇ ಹೋರಾಡಬೇಕು. ಹಲವು ರೋಗಗಳ ವಿರುದ್ಧ ಅವು ಕಂಡುಕೊಂಡ ಮಾರ್ಗ ವಿಚಿತ್ರವಾದುದು. ರೋಗಾಣು ಒಳಹೊಕ್ಕ ಕೋಶವೂ ಅದರ ಸುತ್ತಲಿನ ಕೆಲವು ಕೋಶಗಳೂ ತಾವಾಗಿಯೇ ಸತ್ತುಹೋಗುತ್ತವೆ. ಶೇಂಗಾದ ತುಕ್ಕು ರೋಗದ ಶಿಲೀಂಧ್ರಕ್ಕೆ ಜೀವಂತ ಕೋಶದಲ್ಲಿ ಮಾತ್ರ ಆಹಾರ ದೊರಕುತ್ತದೆ. ಮನೆಯವರೇ ಮನೆಗೆ ಬೆಂಕಿ ಇಟ್ಟರೆ ಒಳಗಿರುವ ಕಳ್ಳನಿಗೆ ದಕ್ಕುವುದೇನು? ತುಕ್ಕಿನ ವಿರುದ್ಧ ಈ ಉಪಾಯವು ಬಹಳ ಸಮರ್ಥ.

ಬುಡಕೊಳೆಯ ಶಿಲೀಂಧ್ರಕ್ಕೆ ಬೇಕಾಗಿರುವುದು ಸತ್ತ ಕೋಶವೇ. ಅದು ಗಿಡವನ್ನು ಮುಟ್ಟುವ ಮೊದಲೇ ಆಕ್ಸಾಲಿಕ್ ಆಮ್ಲವನ್ನು ಸ್ರವಿಸುತ್ತದೆ. ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿಗೆ ಕ್ಯಾಲ್ಸಿಯಮ್ ಬಲ ಕೊಡುತ್ತದೆ. ಆಮ್ಲವು ಆ ಕ್ಯಾಲ್ಸಿಯಮ್ಮನ್ನು ಎಳೆದುಕೊಳ್ಳುತ್ತದೆ. ಸಡಿಲಗೊಂಡ ಪೆಕ್ಟಿನ್ನನ್ನು ಶಿಲೀಂಧ್ರದ ಕಿಣ್ವಗಳು ಕರಗಿಸುತ್ತವೆ. ಆ ಕಿಣ್ವಗಳಿಗೆ ಹುಳಿಯಾದ ಪರಿಸರವೇ ಹಿತ, ಅದನ್ನು ಆಮ್ಲವು ಆಗಲೇ ಒದಗಿಸಿರುತ್ತದೆ. ಹೀಗೆ ಎಳೆಗಳು ಮುಂದೆ ಸಾಗುವುದು ಈಗಾಗಲೇ ಸತ್ತ ಅಂಗಾಂಶದ ಮೇಲೆ. ಗಿಡವು ತನ್ನ ಕೋಶಗಳನ್ನು ತಾನೇ ಕೊಂದುಕೊಂಡರೆ ಶಿಲೀಂಧ್ರದ ಅರ್ಧ ಕೆಲಸ ಮುಗಿದಂತಾಯಿತು. ತುಕ್ಕಿಗೆ ಮದ್ದಾದ ಉಪಾಯ ಇಲ್ಲಿ ಶತ್ರುವಿಗೆ ಔತಣ.

ಹಾಗಾದರೆ ಕೆಲವು ತಳಿಗಳಲ್ಲಿ ಗಿಡಗಳು ಕಡಮೆ ಸಾಯುವುದೇಕೆ? ಕಾಂಡದ ಹೊರಪದರ ದಪ್ಪವಾಗಿರಬಹುದು. ಕೋಶಭಿತ್ತಿಯಲ್ಲಿ ಲಿಗ್ನಿನ್ ಬೇಗ ಶೇಖರವಾಗಬಹುದು. ಆಮ್ಲವನ್ನು ಸಹಿಸುವ ಶಕ್ತಿ ಹೆಚ್ಚಿರಬಹುದು. ಶಿಲೀಂಧ್ರದ ಭಿತ್ತಿಯನ್ನು ಕರಗಿಸುವ ಕಿಣ್ವಗಳು ಬೇಗ ಹುಟ್ಟಬಹುದು. ಯಾವುದೊಂದೂ ಪೂರ್ಣ ರಕ್ಷಣೆಯಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಕೂಡಿ ಶಿಲೀಂಧ್ರದ ನಡಿಗೆಯನ್ನು ನಿಧಾನಗೊಳಿಸುತ್ತವೆ. ಇದಲ್ಲದೆ ನೆಟ್ಟಗೆ ನಿಂತು ಗಾಳಿ ಬೆಳಕಿಗೆ ಎಡೆಕೊಡುವ ಗಿಡದ ಬುಡ ಬೇಗ ಒಣಗುವುದರಿಂದ ಅದು ರೋಗದಿಂದ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಳ್ಳುವುದು ಬೇರೆ, ತಡೆಯುವುದು ಬೇರೆ. ತಳಿ ಪರೀಕ್ಷಿಸುವವರು ಈ ಎರಡನ್ನೂ ಬೇರ್ಪಡಿಸದಿದ್ದರೆ ಮೋಸ ಹೋಗುತ್ತಾರೆ.

ಧಾರವಾಡದ ಯಶಸ್ಸು ಮತ್ತು ಅದರ ಮಿತಿ

ನಾಸಿಕ್ ಮತ್ತು ಸಂಭಾಜಿನಗರ ಎರಡಕ್ಕೂ ನೆರೆಯದಾದ ಜಳಗಾಂವ್ ಜಿಲ್ಲೆಯ ಎಣ್ಣೆಕಾಳು ಸಂಶೋಧನಾ ಕೇಂದ್ರವು ಹೊರತಂದ ಜೆ.ಎಲ್.-24, ಅಂದರೆ ಫುಲೆ ಪ್ರಗತಿ, ಮಹಾರಾಷ್ಟ್ರದ ಗಡಿ ದಾಟಿ ಕರ್ನಾಟಕದಲ್ಲಿಯೂ ಹರಡಿತು. ಅದಕ್ಕೂ ಮೊದಲು ತಮಿಳುನಾಡಿನ ತಿಂಡಿವನಂನಿಂದ ಬಂದ ಟಿ.ಎಂ.ವಿ.-2 ಮನೆಮಾತಾಗಿತ್ತು. ಇವೆರಡೂ ಬೇಗ ಮಾಗುವ, ರೈತರ ಮನಸ್ಸಿಗೆ ಹಿಡಿಸಿದ ತಳಿಗಳು. ಎಲೆಯ ರೋಗಗಳ ಮುಂದೆ ಮಾತ್ರ ನಿರಾಯುಧವಾದವು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಅಭಿವೃದ್ಧಿಪಡಿಸಿದ ಜಿ.ಪಿ.ಬಿ.ಡಿ.-4 ತಳಿಯು ತುಕ್ಕು ಮತ್ತು ತಡವಾಗಿ ಬರುವ ಎಲೆಚುಕ್ಕೆ ಎರಡನ್ನೂ ತಡೆಯಿತು. ಅದರ ಒಂದು ಪೋಷಕ ಕೆ.ಆರ್.ಜಿ.-1, ಇನ್ನೊಂದು ಸಿ.ಎಸ್.-16 ಎಂಬ ಸಾಲು, ಅದರಲ್ಲಿ ಬೊಲಿವಿಯದ ಕಾಡು ಶೇಂಗಾ ಅರಾಕಿಸ್ ಕಾರ್ಡೆನಾಸಿಯ ಅಂಶವಿದೆ.

ಈ ನಿರೋಧಕ ಶಕ್ತಿಯ ಬಹುಭಾಗ ವರ್ಣತಂತುವಿನ ಒಂದೆರಡು ನೆಲೆಗಳಿಂದ ಬರುತ್ತದೆ ಎಂದು ಧಾರವಾಡದ ಮತ್ತು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. ನೆಲೆ ಗೊತ್ತಾದ ಮೇಲೆ ಅದರ ಪಕ್ಕದ ಗುರುತುಗಳನ್ನು ಪ್ರಯೋಗಶಾಲೆಯಲ್ಲಿ ನೋಡಿಯೇ ಗಿಡಗಳನ್ನು ಆರಿಸಬಹುದು. ರೋಗ ಬರುವವರೆಗೆ ಕಾಯಬೇಕಾಗಿಲ್ಲ. ಜಿ.ಪಿ.ಬಿ.ಡಿ.-4ರ ಆ ಭಾಗವನ್ನು ಜೆ.ಎಲ್.-24, ಟಿ.ಎ.ಜಿ.-24 ಮೊದಲಾದ ತಳಿಗಳಿಗೆ ಸೇರಿಸಿದ್ದು ಹೀಗೆಯೇ. ಟಿ.ಎ.ಜಿ.-24 ಎಂಬುದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಅಕೋಲಾದ ಕೃಷಿ ವಿಶ್ವವಿದ್ಯಾನಿಲಯ ಕೂಡಿ 1991ರಲ್ಲಿ ನೀಡಿದ ತಳಿ. ಮೂಲ ತಳಿಯೊಡನೆ ಮತ್ತೆ ಮತ್ತೆ ಸಂಕರಿಸುತ್ತ ಹೋದರೆ ಅದರ ಪಾಲು ಮೊದಲ ಪೀಳಿಗೆಯಲ್ಲಿ ಶೇಕಡ 50, ಅನಂತರ 75, 87.5, 93.75 ಹೀಗೆ ಏರುತ್ತದೆ. ನಾಲ್ಕಾರು ಪೀಳಿಗೆಗಳಲ್ಲಿ ಹಳೆಯ ತಳಿಯೇ ಒಂದು ಹೊಸ ಗುಣದೊಡನೆ ಮರಳಿ ದೊರೆಯುತ್ತದೆ.

ಬುಡಕೊಳೆಗೂ ಇದನ್ನೇ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ಲೆಕ್ಕದಲ್ಲಿದೆ. ಒಂದು ವಂಶವಾಹಿಯ ಗುಣವಾದರೆ ಸಂಕರದ ಎರಡನೆಯ ಪೀಳಿಗೆಯಲ್ಲಿ ನಾಲ್ಕು ಗಿಡಗಳಿಗೆ ಒಂದರಂತೆ ಶುದ್ಧ ನಿರೋಧಕ ಗಿಡ ದೊರಕುತ್ತದೆ. ಬೇರೆ ಬೇರೆಯಾಗಿ ಹಂಚಿಹೋಗುವ ಐದು ವಂಶವಾಹಿಗಳು ಬೇಕಾದರೆ 1,024 ಗಿಡಗಳಲ್ಲಿ ಒಂದು. ಹತ್ತು ಬೇಕಾದರೆ ಹತ್ತು ಲಕ್ಷಕ್ಕೂ ಮೀರಿದ ಗಿಡಗಳಲ್ಲಿ ಒಂದು. ಬುಡಕೊಳೆಯ ನಿರೋಧಕ ಶಕ್ತಿಯು ಇಂತಹ ಅನೇಕ ಸಣ್ಣ ಪಾಲುಗಳ ಮೊತ್ತ. ಗುಜರಾತಿನ ಜುನಾಗಢದಲ್ಲಿ ಟ್ರಾಂಬೆಯ ಟಿ.ಜಿ.-37ಎ ತಳಿಯನ್ನು ರೋಗ ತಡೆಯುವ ಸಿ.ಎಸ್.-85 ಎಂಬ ಸಾಲಿನೊಡನೆ ಸಂಕರಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನೇ ತೋರಿಸಿತು. ನಿರೋಧಕ ಶಕ್ತಿಗೆ ಸಂಬಂಧಿಸಿದ ನೆಲೆಗಳು ಹಲವು. ಅವುಗಳ ಪ್ರಭಾವ ಒಂದೊಂದೇ ನೋಡಿದರೆ ಅಲ್ಪ, ಅಲ್ಲದೆ ಒಂದು ನೆಲೆಯ ಫಲ ಇನ್ನೊಂದರ ಇರುವಿಕೆಯನ್ನು ಅವಲಂಬಿಸಿದೆ. ಒಂದನ್ನು ಕಿತ್ತು ಬೇರೆ ತಳಿಗೆ ಸೇರಿಸಿದರೆ ಅದು ಅಲ್ಲಿ ಮೌನವಾಗಿ ಉಳಿಯಬಹುದು.

ಮತ್ತೊಂದು ತೊಡಕು ಶೇಂಗಾದ ಹುಟ್ಟಿನಲ್ಲಿಯೇ ಇದೆ. ದಕ್ಷಿಣ ಅಮೆರಿಕದಲ್ಲಿ ಸಾವಿರಾರು ವರ್ಷಗಳ ಹಿಂದೆ ಎರಡು ಕಾಡು ಜಾತಿಗಳು ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ, 40 ವರ್ಣತಂತುಗಳ ಈ ಸಸ್ಯ ಹುಟ್ಟಿತು. ಕಾಡು ಬಂಧುಗಳಲ್ಲಿ ಹೆಚ್ಚಿನವುಗಳಿಗೆ ಇರುವುದು 20. ಹೀಗಾಗಿ ಕಾಡು ಬಂಧುಗಳೊಡನೆ ಸಹಜ ಸಂಕರ ನಡೆಯುವುದಿಲ್ಲ. ನಡೆಸಿದರೂ ಹುಟ್ಟಿದ ಗಿಡ ಸಾಮಾನ್ಯವಾಗಿ ಬಂಜೆ. ಜಗತ್ತಿನ ಶೇಂಗಾವೆಲ್ಲ ಇಕ್ಕಟ್ಟಾದ ಒಂದೇ ಬಾಗಿಲಿನಿಂದ ಬಂದುದರಿಂದ ಅದರ ವೈವಿಧ್ಯ ಕಡಮೆ. ಇಕ್ರಿಸ್ಯಾಟ್‌ನ ಭಂಡಾರದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಶೇಂಗಾ ಮಾದರಿಗಳಿವೆ. ಅವನ್ನು ಪರೀಕ್ಷಿಸಿದಲ್ಲೆಲ್ಲ ಬುಡಕೊಳೆಯಿಂದ ಕಡಮೆ ಸಾಯುವ ಸಾಲುಗಳು ದೊರೆತಿವೆ, ಪೂರ್ಣವಾಗಿ ಮುಕ್ತವಾದವು ದೊರೆತಿಲ್ಲ. ಎರಡು ಕಾಡು ಪೂರ್ವಜರ ವಂಶವಾಹಿ ನಕ್ಷೆ 2016ರಲ್ಲಿಯೂ ಬೇಸಾಯದ ಶೇಂಗಾದ ನಕ್ಷೆ 2019ರಲ್ಲಿಯೂ ಸಿದ್ಧವಾದ ಮೇಲೆ ಹುಡುಕಾಟಕ್ಕೆ ದಾರಿ ಸ್ಪಷ್ಟವಾಗಿದೆ.

ಬೇರೆ ಸಸ್ಯದ ವಂಶವಾಹಿಯನ್ನು ನೇರವಾಗಿ ಸೇರಿಸುವ ಪ್ರಯತ್ನವೂ ನಡೆದಿದೆ. ಬಾರ್ಲಿಯಲ್ಲಿ ಆಕ್ಸಾಲಿಕ್ ಆಮ್ಲವನ್ನು ಒಡೆಯುವ ಕಿಣ್ವವೊಂದಿದೆ. ಅದರ ವಂಶವಾಹಿಯನ್ನು ಅಮೆರಿಕದ ವರ್ಜೀನಿಯಾದಲ್ಲಿ ಶೇಂಗಾಕ್ಕೆ ಸೇರಿಸಿದಾಗ, ಇದೇ ಆಮ್ಲವನ್ನು ಬಳಸುವ ಸ್ಕ್ಲೆರೊಟಿನಿಯ ಎಂಬ ತಂಪುನಾಡಿನ ಶಿಲೀಂಧ್ರದ ಹಾವಳಿ ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಭಾರತದಲ್ಲಿ ಅಂತಹ ಶೇಂಗಾ ಬೇಸಾಯದಲ್ಲಿಲ್ಲ.

ರೋಗದ ಮಡಿ

ತಳಿಯ ಶಕ್ತಿಯನ್ನು ಅಳೆಯಲು ರೋಗವನ್ನೇ ಬೆಳೆಸಬೇಕಾಗುತ್ತದೆ. ಸಾಮಾನ್ಯ ಹೊಲದಲ್ಲಿ ಶಿಲೀಂಧ್ರವು ತೇಪೆ ತೇಪೆಯಾಗಿ ಇರುವುದರಿಂದ ಬದುಕುಳಿದ ಗಿಡವು ಗಟ್ಟಿಯಾದುದೋ ಅದೃಷ್ಟವಂತವೋ ತಿಳಿಯದು. ಆದುದರಿಂದ ಸಂಶೋಧನಾ ಕೇಂದ್ರಗಳಲ್ಲಿ ಜೋಳದ ಕಾಳನ್ನು ಬೇಯಿಸಿ, ಕ್ರಿಮಿಶುದ್ಧಗೊಳಿಸಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ಮಡಿಯ ಮಣ್ಣಿಗೆ ಸಮನಾಗಿ ಬೆರೆಸುತ್ತಾರೆ. ಪರೀಕ್ಷೆಗೊಳಪಡುವ ಸಾಲುಗಳ ನಡುನಡುವೆ ಬೇಗ ಸಾಯುವ ತಳಿಯೊಂದನ್ನು ಬಿತ್ತುತ್ತಾರೆ. ಆ ಸಾಲು ಪೂರ್ಣ ನಾಶವಾದ ಕಡೆ ಮಾತ್ರ ಪಕ್ಕದ ಸಾಲಿನ ಹಸಿರಿಗೆ ಬೆಲೆ. ಒಂದು ವರ್ಷ ಉತ್ತಮವೆನಿಸಿದ ಸಾಲು ಮರುವರ್ಷ ಮಳೆಯ ರೀತಿ ಬದಲಾದೊಡನೆ ಕುಸಿಯುವುದು ಸಾಮಾನ್ಯ. ಒಂದೇ ಜಿಲ್ಲೆಯಾದ ನಾಸಿಕ್‌ನಲ್ಲಿ ಪಶ್ಚಿಮದ ಇಗತಪುರಿಗೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ, ಪೂರ್ವದ ಯೇವಲೆಯ ಕಡೆಗೆ ಐದಾರು ನೂರು. ಒಂದು ಕಡೆಯ ಫಲಿತಾಂಶವನ್ನು ಇನ್ನೊಂದು ಕಡೆಗೆ ಹಾಗೆಯೇ ಒಯ್ಯುವಂತಿಲ್ಲ.

ಇಂತಹ ಭಾಗಶಃ ನಿರೋಧಕ ಶಕ್ತಿಯನ್ನು ಕೀಳಾಗಿ ಕಾಣುವುದು ಸರಿಯಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಬಂದ ಸದರ್ನ್ ರನ್ನರ್ ತಳಿಯು ಬುಡಕೊಳೆಯಿಂದ ಮುಕ್ತವಾಗಿರಲಿಲ್ಲ, ಉಳಿದವುಗಳಿಗಿಂತ ಕಡಮೆ ಸಾಯುತ್ತಿತ್ತು, ಅಷ್ಟೆ. ಆ ವ್ಯತ್ಯಾಸವೇ ಔಷಧದ ಖರ್ಚನ್ನು ಇಳಿಸಲು ಸಾಕಾಯಿತು. ಮಳೆಯಾಶ್ರಿತ ಬೇಸಾಯದಲ್ಲಿ, ಗಿಡದ ಬುಡಕ್ಕೆ ತಲಪುವಂತೆ ಔಷಧ ಸಿಂಪಡಿಸಲು ನೀರೂ ಹಣವೂ ಸಾಲದ ಕಡೆ, ಬೀಜದೊಳಗೇ ಬರುವ ರಕ್ಷಣೆಗೆ ಬೇರೆ ಸಾಟಿಯಿಲ್ಲ.

ತಳಿಯು ಮಾಡಲಾರದ ಭಾಗವನ್ನು ಬೇಸಾಯ ಕ್ರಮದಿಂದ ತುಂಬಿಸಬೇಕು. ಬೇಸಿಗೆಯಲ್ಲಿ ಆಳವಾಗಿ ಉತ್ತು ಹಿಂದಿನ ಬೆಳೆಯ ಕಸವನ್ನು ಪೂರ್ತಿ ಮುಚ್ಚಬೇಕು. ಈರುಳ್ಳಿ, ಟೊಮ್ಯಾಟೊ, ಸೋಯಾ ಅವರೆಗಳ ಬದಲು ಜೋಳ, ಸಜ್ಜೆ, ಮೆಕ್ಕೆಜೋಳಗಳೊಡನೆ ಬೆಳೆ ಪರಿವರ್ತನೆ ಮಾಡಬೇಕು; ಸಂಭಾಜಿನಗರದ ಕಡೆ ಮೆಕ್ಕೆಜೋಳ ಹೇರಳವಾಗಿರುವುದರಿಂದ ಇದು ಅಲ್ಲಿ ಕಷ್ಟವಲ್ಲ. ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮ ಲೇಪಿಸುವುದು, ಅದನ್ನೇ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಮಣ್ಣಿಗೆ ಸೇರಿಸುವುದು ಪ್ರಯೋಜನಕಾರಿ. ಗಿಡಕ್ಕೆ ಮಣ್ಣು ಏರಿಸುವ ವಿಷಯದಲ್ಲಿ ಎಚ್ಚರ ಅಗತ್ಯ. ಕಾಯಿ ಇಳಿಯಲು ಸಡಿಲ ಮಣ್ಣು ಬೇಕೆಂಬುದು ನಿಜ. ಕುಂಟೆ ಹೊಡೆಯುವಾಗ ಎಲೆಗಳನ್ನೂ ಕೂಡಿಸಿ ಬುಡವನ್ನು ಹೂತರೆ ಶಿಲೀಂಧ್ರಕ್ಕೆ ಆಹಾರವನ್ನೂ ಕಾಂಡವನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದಂತೆ. ಈ ಕೆಲಸವನ್ನು ಬೇಗನೆ, ಗಿಡ ಚಿಕ್ಕದಿರುವಾಗ, ಎಲೆ ಹೂಳದಂತೆ ಮುಗಿಸಬೇಕು.

ಬೀಜದ ಪಯಣ

ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿದೆ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು 10,103 ಕೋಟಿ ರೂಪಾಯಿಗಳ ರಾಷ್ಟ್ರೀಯ ಖಾದ್ಯ ತೈಲ – ಎಣ್ಣೆಕಾಳು ಮಿಷನ್ನಿಗೆ ಒಪ್ಪಿಗೆ ನೀಡಿತು. 2022-23ರಲ್ಲಿ 390 ಲಕ್ಷ ಟನ್ ಇದ್ದ ಎಣ್ಣೆಕಾಳುಗಳ ಉತ್ಪಾದನೆಯನ್ನು 2030-31ರ ವೇಳೆಗೆ 697 ಲಕ್ಷ ಟನ್ನಿಗೆ ಏರಿಸುವುದು ಅದರ ಗುರಿ. ಉತ್ತಮ ತಳಿಯ ಬೀಜ ರೈತನ ಕೈ ಸೇರದೆ ಇದು ಆಗದು. ಶೇಂಗಾದ ಮಟ್ಟಿಗೆ ಆ ಪಯಣ ಬಹಳ ನಿಧಾನ.

ಕಾರಣವು ಕಾಳಿನ ಗಾತ್ರ. ಒಂದು ಹೆಕ್ಟೇರ್ ಬಿತ್ತಲು ಸುಮಾರು ಒಂದು ಕ್ವಿಂಟಲ್ ಕಾಳು ಬೇಕು. ಅದರಿಂದ ಬೀಜಕ್ಕೆ ಯೋಗ್ಯವಾಗಿ ಎಂಟು ಪಾಲು ಮರಳಿತೆಂದು ಹಿಡಿದರೆ, ತಳಿ ರೂಪಿಸಿದವರು ಕೊಟ್ಟ ಒಂದು ಕ್ವಿಂಟಲ್ ಬೀಜವು ಮೂರು ಹಂಗಾಮುಗಳ ಬಳಿಕ 512 ಕ್ವಿಂಟಲ್ ಆಗುತ್ತದೆ, ಅಂದರೆ 512 ಹೆಕ್ಟೇರಿಗೆ ಸಾಕು. ಹೆಕ್ಟೇರಿಗೆ 5 ಕಿಲೋ ಸಾಕಾಗುವ ಎಳ್ಳಿನಲ್ಲಿ, 4 ಕ್ವಿಂಟಲ್ ಇಳುವರಿ ಬಂದರೂ ಒಂದಕ್ಕೆ ಎಂಬತ್ತು. ಅದೇ ಮೂರು ಹಂಗಾಮುಗಳಲ್ಲಿ 5,12,000 ಕ್ವಿಂಟಲ್. ಬೀಜೋತ್ಪಾದಕರಿಗೆ ಶೇಂಗಾದಲ್ಲಿ ಆಸಕ್ತಿ ಕಡಮೆಯಿರುವುದೂ ಹಳೆಯ ತಳಿಗಳು ದಶಕಗಳ ಕಾಲ ಹೊಲದಲ್ಲಿ ಉಳಿದುಕೊಳ್ಳುವುದೂ ಇದರಿಂದಲೇ.

ಆದುದರಿಂದ ಶೇಂಗಾ ಬೀಜದ ಬಹುಪಾಲು ರೈತನ ಮನೆಯಿಂದಲೇ ಅಥವಾ ನೆರೆಯವನಿಂದಲೇ ಬರುತ್ತದೆ. ಹಾಗೆ ಇಟ್ಟುಕೊಳ್ಳುವಾಗ ಬುಡಕೊಳೆ ಕಂಡ ತೇಪೆಗಳನ್ನು ಕಟಾವಿನ ಮೊದಲೇ ಗುರುತಿಸಿ, ಆ ಭಾಗದ ಕಾಯಿಗಳನ್ನು ಬೀಜಕ್ಕೆ ಬಳಸದೆ ಬೇರೆಯಾಗಿ ತೆಗೆಯಬೇಕು. ಸಾಸಿವೆಯಂತಹ ಗುಂಡುಗಳು ಕಾಯಿಗೆ ಅಂಟಿದ ಮಣ್ಣಿನೊಡನೆ ಹೊಸ ಹೊಲಕ್ಕೆ ಪ್ರಯಾಣ ಮಾಡುತ್ತವೆ. ಸತ್ತ ಗಿಡಗಳನ್ನು ಗುಂಡುಗಳು ಉದುರುವ ಮೊದಲೇ ಕಿತ್ತು ಸುಡಬೇಕು. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಅವು ಮರಳಿ ಬರುತ್ತವೆ. ರಕ್ಷಿತ ತಳಿಯೇ ಆದರೂ, ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯಂತೆ, ತಾನು ಬೆಳೆದುದನ್ನು ಬೀಜಕ್ಕಾಗಿ ಉಳಿಸಿಕೊಳ್ಳಲು, ಬಿತ್ತಲು, ನೆರೆಯವನಿಗೆ ಕೊಡಲು ಅಥವಾ ಮಾರಲು ರೈತನಿಗೆ ಹಕ್ಕಿದೆ. ರಕ್ಷಿತ ತಳಿಯ ಹೆಸರು ಅಚ್ಚೊತ್ತಿದ ಚೀಲದಲ್ಲಿ ಮಾತ್ರ ಅದನ್ನು ಮಾರುವಂತಿಲ್ಲ.